ಡೆನ್ಮಾರ್ಕಿಗೆ ಗಾಳಿ, ಬ್ರೆಜಿಲ್‌ಗೆ ಕಬ್ಬು, ನಮ್ಮ ಗುಡ್ಡಕ್ಕೆ ತೋಡಿನ ನೀರು

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ, ಮಾದಾಪುರದ ಆಚೆಗಿರುವ ನಮ್ಮ ಇಳಿಜಾರಿನಲ್ಲಿ ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಮನೆ ಉಳಿದಿತ್ತು, ತೋಟ ಹೆಚ್ಚುಕಡಿಮೆ ಉಳಿದಿತ್ತು, ಹಾಗಾಗಿ ಕರೆಂಟಿನ ಬಗ್ಗೆ ಗೊಣಗುವ ಮನಸ್ಸು ಯಾರಿಗೂ ಇರಲಿಲ್ಲ. ಮಳೆ ನಿಂತ ಮೇಲೆ ಮಾತ್ರ ನಾಲ್ಕು ಮನೆಯವರು ನಾಲ್ಕು ದಾರಿ ಹಿಡಿದರು. ಕೆಳಗಿನ ಮನೆಯವರು ಡೀಸೆಲ್ ಜನರೇಟರ್ ತಂದರು. ಅವರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇದೆ. ಡಿಸೆಂಬರಿನಲ್ಲಿ ಹೀಗೆ ಕರೆಂಟ್ ಹೋದರೆ ಕೊಯ್ದ ಹಣ್ಣು ರಾಶಿಯಲ್ಲೇ ಹುಳಿಯುತ್ತದೆ. ನಾವು ಎರಡು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ ಹಾಕಿಸಿದೆವು. ಅಮ್ಮನಿಗೆ ರಾತ್ರಿ ನೆಬ್ಯುಲೈಸರ್ ಬೇಕಿತ್ತು. ಪಕ್ಕದ ಮನೆಯಲ್ಲಿ ಹಸುಗಳಿವೆ. ಸಿಲಿಂಡರ್ ಗಾಡಿ ಬರುವ ರಸ್ತೆಯೇ ಕೊಚ್ಚಿಹೋಗಿದ್ದನ್ನು ಕಂಡು ಅವರು ಹಾಳುಬಿದ್ದಿದ್ದ ಗೋಬರ್ ಗ್ಯಾಸ್ ಗುಂಡಿಯನ್ನು ಮತ್ತೆ ರಿಪೇರಿ ಮಾಡಿಸಿದರು. ಎಲ್ಲರಿಗಿಂತ ಮೇಲಿರುವ ಮಾವ ತಮ್ಮ ತೋಡಿನ (ಸಣ್ಣ ಹಳ್ಳದ) ನೀರಿಗೆ ಪೈಪು ಹಾಕಿ, ಕೆಳಗೊಂದು ಪುಟ್ಟ ಟರ್ಬೈನ್ ಕೂರಿಸಿಕೊಂಡರು.

ಯಾವುದೋ ದೇಶ ಗಾಳಿ ವಿದ್ಯುತ್ತಿಗೆ ಇಷ್ಟು ಕೋಟಿ ಸುರಿಯಿತು, ಇನ್ಯಾವುದೋ ದೇಶ ಅಣುಸ್ಥಾವರ ಮುಚ್ಚಿತು ಎಂದು ಓದಿದಾಗಲೆಲ್ಲ ನನಗೆ ಈ ನಾಲ್ಕು ಮನೆಗಳು ನೆನಪಾಗುತ್ತವೆ. ಪರ್ಯಾಯ ಇಂಧನ ಎಂದ ಕೂಡಲೇ ನಾವು ಎಲ್ಲ ದೇಶಗಳಿಗೂ ಪರಿಸರ ಕಾಳಜಿ ಎಂಬ ಒಂದೇ ಕಾರಣ ಹಚ್ಚಿಬಿಡುತ್ತೇವೆ. ಹಾಗೆ ನೋಡಿದರೆ ಅರ್ಧ ಸುದ್ದಿ ಅರ್ಥವೇ ಆಗುವುದಿಲ್ಲ. ಎಣ್ಣೆಯ ಮೇಲೆ ಕೂತ ಸೌದಿ ಅರೇಬಿಯಾ ಸೌರ ವಿದ್ಯುತ್ ಮಾಡುವುದೇಕೆ? ಇಷ್ಟೊಂದು ಕಲ್ಲಿದ್ದಲು ಸುಡುವ ಚೀನಾವೇ ಜಗತ್ತಿನ ಸೋಲಾರ್ ಕಾರ್ಖಾನೆ ಆದದ್ದು ಹೇಗೆ? ಆ ಮನೆಯಲ್ಲಿ ಏನು ಇಲ್ಲ, ಯಾವುದು ನಿಂತುಹೋದೀತೆಂಬ ಅಂಜಿಕೆ ಇದೆ ಎಂದು ಮೊದಲು ಕೇಳಿದರೆ ಉತ್ತರದ ದಾರಿ ಕಾಣುತ್ತದೆ.

ಪರ್ಯಾಯ ಎಂಬ ಪದವನ್ನೇ ಸ್ವಲ್ಪ ನೋಡಬೇಕು. ಯಾವುದಕ್ಕೆ ಪರ್ಯಾಯ? ಇವತ್ತಿನ ಲೆಕ್ಕದಲ್ಲಿ ಕಲ್ಲಿದ್ದಲು, ಎಣ್ಣೆ, ಅನಿಲ ಈ ಮೂರಕ್ಕೆ. ನನ್ನ ಅಜ್ಜಿಗೆ ತೋಟದ ಸಿಲ್ವರ್ ಓಕ್ ಸೌದೆಯೇ ಇಂಧನ, ಗ್ಯಾಸ್ ಸಿಲಿಂಡರೇ ಪರ್ಯಾಯ. ಇನ್ನೂ ಹಿಂದಕ್ಕೆ ಹೋದರೆ ನಮ್ಮದೇ ಕಾವೇರಿಯ ಕಥೆ ಇದೆ. ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ ಕಲ್ಲಿದ್ದಲು ಬಹುದೂರದಿಂದ ಬರಬೇಕಿತ್ತು, ಖರ್ಚು ತಡೆಯುವಂತಿರಲಿಲ್ಲ. ಅದಕ್ಕೇ ಮೈಸೂರು ಸಂಸ್ಥಾನ ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ ಯೋಜನೆ ಕೈಗೆತ್ತಿಕೊಂಡಿತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಗಣಿಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ತಲಕಾವೇರಿಯ ಗುಡ್ಡದಲ್ಲಿ ಬಿದ್ದ ಮಳೆ ಕೋಲಾರದ ಗಣಿಯಲ್ಲಿ ಯಂತ್ರ ತಿರುಗಿಸಿತು. ಆ ದಿನ ಹವಾಮಾನ ಬದಲಾವಣೆಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ದೂರದ ಕಲ್ಲಿದ್ದಲು ದುಬಾರಿ, ಹತ್ತಿರದ ನೀರು ಅಗ್ಗ, ಲೆಕ್ಕ ಅಷ್ಟೇ.

ಇದೇ ಲೆಕ್ಕವನ್ನು ಜಗತ್ತಿಗೆ ಜಗತ್ತೇ ಕೂತು ಹಾಕಬೇಕಾಗಿ ಬಂದದ್ದು 1973ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಇಸ್ರೇಲ್ ಜೊತೆ ಯುದ್ಧ ನಡೆದಾಗ ಅರಬ್ ದೇಶಗಳು ಇಸ್ರೇಲಿನ ಬೆಂಬಲಿಗರಿಗೆ ಎಣ್ಣೆ ನಿಲ್ಲಿಸಿದವು, ಉತ್ಪಾದನೆಯನ್ನೂ ಕಡಿತ ಮಾಡಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು 12 ಡಾಲರ್‌ಗೆ ಏರಿತು. ಎಲ್ಲರಿಗೂ ಬಿದ್ದ ಏಟು ಒಂದೇ. ಆದರೆ ನಮ್ಮ ಇಳಿಜಾರಿನ ಮನೆಗಳ ಹಾಗೆಯೇ ಒಂದೊಂದು ದೇಶ ಒಂದೊಂದು ಕಡೆಗೆ ತಿರುಗಿತು.

ಡೆನ್ಮಾರ್ಕ್‌ನಲ್ಲಿ ಆಗ ಶೇ 90ರಷ್ಟು ಇಂಧನ ಎಣ್ಣೆಯೇ, ಅದೂ ಹೊರಗಿನಿಂದ ಬಂದದ್ದು. ಭಾನುವಾರ ಕಾರು ಓಡಿಸಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿತು. ಹೆದ್ದಾರಿಗಳ ಮೇಲೆ ಜನ ಸೈಕಲ್ ತುಳಿದರು. ಆ ದೇಶದಲ್ಲಿ ಬೆಟ್ಟವಿಲ್ಲ, ಧುಮ್ಮಿಕ್ಕುವ ನದಿಯಿಲ್ಲ. ಸಮುದ್ರದ ಗಾಳಿ ಮಾತ್ರ ಬೇಕಾದಷ್ಟು. ಗಾಳಿಯಿಂದ ವಿದ್ಯುತ್ ಮಾಡುವ ಕೆಲಸ ಅವರಿಗೆ ಹೊಸದೂ ಆಗಿರಲಿಲ್ಲ. ಪೌಲ್ ಲಾ ಕೂರ್ ಎಂಬ ಉಪಾಧ್ಯಾಯರು 1891ರಲ್ಲೇ ಆಸ್ಕೋವ್ ಎಂಬ ಊರಿನಲ್ಲಿ ಅದರ ಪ್ರಯೋಗ ನಡೆಸಿದ್ದರು. 1970ರ ದಶಕದಲ್ಲಿ ಬಡಗಿಗಳು, ಕಮ್ಮಾರರು, ಉಳುಮೆಯ ಯಂತ್ರ ಮಾಡುವ ಸಣ್ಣ ಕಾರ್ಖಾನೆಯವರು ಹಿತ್ತಲಲ್ಲಿ ಗಾಳಿಯಂತ್ರ ಕಟ್ಟತೊಡಗಿದರು. ಊರಿನವರು ಪಾಲು ಹಾಕಿ ಕೊಂಡರು. ಜೇನಿಗೂ ಕಾಫಿಗೂ ಸಹಕಾರ ಸಂಘ ಕಟ್ಟಿಕೊಂಡ ಕೊಡಗಿನವರಿಗೆ ಇದು ಅರ್ಥವಾಗದ ಮಾತಲ್ಲ: ರೆಕ್ಕೆಯ ಸದ್ದು ಕೇಳುವ ಮನೆಗೆ ಲಾಭದ ಪಾಲೂ ಬರುತ್ತಿತ್ತು, ಆದ್ದರಿಂದ ವಿರೋಧ ಕಡಿಮೆ ಇತ್ತು. 1985ರಲ್ಲಿ ಅಲ್ಲಿನ ಸಂಸತ್ತು ಅಣುವಿದ್ಯುತ್ ಬೇಡವೆಂದು ತೀರ್ಮಾನಿಸಿತು. 1991ರಲ್ಲಿ ವಿಂಡೆಬಿ ಎಂಬಲ್ಲಿ ಸಮುದ್ರದೊಳಗೆ 11 ಗಾಳಿಯಂತ್ರ ನಿಲ್ಲಿಸಿದರು. ಸಮುದ್ರದಲ್ಲಿ ನಿಂತ ಜಗತ್ತಿನ ಮೊದಲ ಗಾಳಿ ವಿದ್ಯುತ್ ತಾಣ ಅದು. ಇಂದು ಅವರ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯದ್ದೇ.

ಫ್ರಾನ್ಸ್ ಅದೇ ಏಟಿಗೆ ಅಣುಸ್ಥಾವರಗಳ ಸಾಲನ್ನೇ ಕಟ್ಟಿತು. 1974ರಲ್ಲಿ ಪ್ರಧಾನಿ ಮೆಸ್ಮೆರ್ ಘೋಷಿಸಿದ ಯೋಜನೆಯ ಫಲವಾಗಿ ಇಂದಿಗೂ ಆ ದೇಶದ ವಿದ್ಯುತ್ತಿನ ಮೂರರಲ್ಲಿ ಎರಡು ಭಾಗ ಅಣುವಿನಿಂದ ಬರುತ್ತದೆ. ಒಂದೇ ಖಂಡದವರೇ ಆದರೂ ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ತಲೆಯ ಮೇಲಿಟ್ಟುಕೊಂಡರು. ಐಸ್‌ಲ್ಯಾಂಡ್‌ಗೆ ನೆಲದಡಿಯ ಬಿಸಿನೀರು ಮೊದಲಿಂದಲೂ ಇತ್ತು. ಎಣ್ಣೆಯ ಬೆಲೆ ಏರಿದ ಮೇಲೆ ಅದನ್ನು ಊರೂರಿಗೆ ಪೈಪಿನಲ್ಲಿ ಒಯ್ದರು, ಈಗ ಹತ್ತರಲ್ಲಿ ಒಂಬತ್ತು ಮನೆಗಳ ಚಳಿ ಕಾಯುವುದು ಅದರಿಂದಲೇ.

ಬ್ರೆಜಿಲ್ ಕಥೆ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ರೈತರ ಕಥೆ. ಬಳಸುವ ಎಣ್ಣೆಯಲ್ಲಿ ಸುಮಾರು ಶೇ 80 ಆಮದು, ಅದರ ಮೇಲೆ ಸಕ್ಕರೆ ಬೆಲೆ ಕುಸಿತ. ಅಲ್ಲಿನ ಸೇನಾ ಸರ್ಕಾರ 1975ರಲ್ಲಿ ಪ್ರೊಆಲ್ಕೂಲ್ ಎಂಬ ಯೋಜನೆ ತಂದಿತು: ಕಬ್ಬನ್ನು ಎಥೆನಾಲ್ ಮಾಡಿ ಕಾರಿಗೆ ಹಾಕುವುದು. ಎಣ್ಣೆಯ ಬಿಲ್ಲು ಇಳಿಯಬೇಕು, ಕಬ್ಬಿನವರೂ ಬದುಕಬೇಕು. 1980ರ ದಶಕದ ಮಧ್ಯದ ಹೊತ್ತಿಗೆ ಮಾರಾಟವಾಗುವ ಹೊಸ ಕಾರುಗಳಲ್ಲಿ ಬಹುಪಾಲು ಬರೀ ಎಥೆನಾಲಿನಲ್ಲಿ ಓಡುವಂಥವು. ಆಮೇಲೆ ಎಣ್ಣೆ ಅಗ್ಗವಾಯಿತು, ಸಕ್ಕರೆಗೆ ಬೆಲೆ ಬಂತು. ಗಿರಣಿಗಳು ಕಬ್ಬನ್ನು ಸಕ್ಕರೆಗೆ ತಿರುಗಿಸಿದವು. 1989ರ ಹೊತ್ತಿಗೆ ಬಂಕುಗಳಲ್ಲಿ ಎಥೆನಾಲ್ ಇಲ್ಲ, ಎಥೆನಾಲ್ ಕಾರು ಕೊಂಡವರು ಸಾಲಿನಲ್ಲಿ ನಿಂತರು. ಜನರಿಗೆ ಹೋದ ನಂಬಿಕೆ ಮರಳಲು 2003ರವರೆಗೆ ಕಾಯಬೇಕಾಯಿತು. ಆಗ ಪೆಟ್ರೋಲ್, ಎಥೆನಾಲ್ ಯಾವುದನ್ನು ಯಾವ ಪ್ರಮಾಣದಲ್ಲಿ ಹಾಕಿದರೂ ಓಡುವ ಕಾರುಗಳು ಬಂದವು, ಬಂಕಿನಲ್ಲಿ ಅಂದಂದಿನ ಬೆಲೆ ನೋಡಿ ಆರಿಸುವ ಅಧಿಕಾರ ಜನರ ಕೈಗೆ ಬಂತು. ಈಗ ಭಾರತ ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಹಂತಕ್ಕೆ ಬಂದಿದೆ. ಕಬ್ಬಿನ ಜೊತೆ ಅಕ್ಕಿ, ಮುಸುಕಿನ ಜೋಳವೂ ಅದಕ್ಕೆ ಹೋಗುತ್ತಿವೆ. ಅನ್ನದ ಧಾನ್ಯಕ್ಕೂ ಇಂಧನಕ್ಕೂ ಒಂದೇ ಹೊಲದಲ್ಲಿ ಜಗಳ ಬರಬಾರದೆಂದರೆ ಬ್ರೆಜಿಲ್‌ನ 1989ನ್ನು ನಮ್ಮ ಅಧಿಕಾರಿಗಳು ಚೆನ್ನಾಗಿ ಓದಿಕೊಂಡಿರಬೇಕು.

ಒಂದು ಸಂಜೆ ಮೇಲಿನ ಮನೆಯ ಮಾವ ಕೇಳಿದರು: "ಅಲ್ಲ ಮಗ, ಎಣ್ಣೆ ಇಲ್ಲದವರು ಬೇರೆ ದಾರಿ ಹುಡುಕಿದ್ದು ಸರಿ. ಎಣ್ಣೆ ಇರುವ ಗಲ್ಫಿನವರಿಗೆ ಏನು ಕಷ್ಟ? ಅವರೂ ಸೋಲಾರ್ ಹಾಕ್ತಾರಂತಲ್ಲ?" ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ಮೆಣಸಿನಲ್ಲಿದೆ. ಬೆಲೆ ಇರುವ ಕಾಲದಲ್ಲಿ ಒಳ್ಳೆಯ ಕರಿಮೆಣಸನ್ನು ಮಂಡಿಗೆ ಕಳಿಸುತ್ತೇವೆ, ಮನೆಯ ಸಾರಿಗೆ ಜೊಳ್ಳು ಕಾಳು ಸಾಕು ಎನ್ನುತ್ತೇವೆ. ಸೌದಿಯಲ್ಲಿ ಬೇಸಿಗೆಯಲ್ಲಿ ಎ.ಸಿ. ಓಡಿಸಲು ಕಚ್ಚಾತೈಲವನ್ನೇ ಸುಟ್ಟು ವಿದ್ಯುತ್ ಮಾಡುತ್ತಾ ಬಂದಿದ್ದಾರೆ. ಹಾಗೆ ಮನೆಯಲ್ಲಿ ಸುಟ್ಟ ಪ್ರತಿ ಬ್ಯಾರೆಲ್ಲೂ ಮಾರಲಾಗದೆ ಹೋದ ಬ್ಯಾರೆಲ್. ಮರಳುಗಾಡಿನ ಬಿಸಿಲಿನಿಂದ ಆ ವಿದ್ಯುತ್ ಬಂದರೆ ಎಣ್ಣೆ ಹಡಗು ಹತ್ತುತ್ತದೆ. 2030ರ ಹೊತ್ತಿಗೆ ಅರ್ಧ ವಿದ್ಯುತ್ ನವೀಕರಿಸಬಹುದಾದ ಮೂಲಗಳಿಂದ ಬರಬೇಕೆಂದು ಅವರು ಗುರಿ ಇಟ್ಟುಕೊಂಡಿರುವುದರ ಹಿಂದೆ ಈ ಲೆಕ್ಕವಿದೆ. ಎಣ್ಣೆ ಕೊಳ್ಳುವವರೇ ಇಲ್ಲದ ಕಾಲ ಬಂದರೆ ಎಂಬ ಅಂಜಿಕೆಯೂ ಇದೆ. ನಾರ್ವೆ ಇದನ್ನು ಬಹಳ ಹಿಂದೆಯೇ ಮಾಡಿತು: ಮನೆಗೆ ಜಲವಿದ್ಯುತ್, 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಬ್ಯಾಟರಿಯವು, ಎಣ್ಣೆ ಮತ್ತು ಅನಿಲ ಮಾತ್ರ ಹೊರಗಿನವರಿಗೆ. ತನಗೆ ಬೇಡವಾದ ಹೊಗೆಯನ್ನು ಬೇರೆಯವರಿಗೆ ಮಾರುವ ದೇಶ ಅದು ಎಂದು ಕೆಲವರು ಬೈಯುತ್ತಾರೆ. ಆ ಬೈಗುಳದಲ್ಲಿ ನ್ಯಾಯವಿದೆ ಎಂದೇ ನನಗೆ ಅನಿಸುತ್ತದೆ.

ಚೀನಾಕ್ಕೆ ಒಂದಲ್ಲ, ಮೂರು ಕಾರಣ. ಮೊದಲನೆಯದು ಹೊಗೆ. 2013ರ ಜನವರಿಯಲ್ಲಿ ಬೀಜಿಂಗ್ ನಗರ ದಿನಗಟ್ಟಲೆ ಕಂದು ಮಬ್ಬಿನಲ್ಲಿ ಮುಳುಗಿತು, ಜನ ಉಸಿರಿಗೆ ಪರದಾಡಿದರು. ಮರುವರ್ಷ ಪ್ರಧಾನಿ ಲಿ ಕೆಚಿಯಾಂಗ್ ಮಾಲಿನ್ಯದ ಮೇಲೆ ಯುದ್ಧ ಸಾರಿದರು. ಎರಡನೆಯದು ಸಮುದ್ರದ ದಾರಿ. ಅವರು ಕೊಳ್ಳುವ ಎಣ್ಣೆಯ ದೊಡ್ಡ ಪಾಲು ಮಲಕ್ಕಾ ಎಂಬ ಇಕ್ಕಟ್ಟಾದ ಜಲಸಂಧಿಯಲ್ಲಿ ಹಾದು ಬರಬೇಕು. ಯುದ್ಧದ ದಿನ ಯಾರಾದರೂ ಅಲ್ಲಿ ಅಡ್ಡ ನಿಂತರೆ? ಸಂಪಾಜೆ ಘಾಟಿ ಮುಚ್ಚಿದ ವಾರ ಮಡಿಕೇರಿಯ ಅಂಗಡಿಗಳಲ್ಲಿ ಮಂಗಳೂರಿನ ಮೀನು ಏನಾಗುತ್ತದೆಂದು ನೋಡಿದವರಿಗೆ ಆ ಭಯ ಬಿಡಿಸಿ ಹೇಳಬೇಕಿಲ್ಲ. ಮೂರನೆಯದು ವ್ಯಾಪಾರ, ನನ್ನ ಪ್ರಕಾರ ಮೂರರಲ್ಲಿ ಹೆಚ್ಚು ಬಲದ್ದು. ಜರ್ಮನಿ 2000ನೇ ಇಸವಿಯಲ್ಲಿ ಒಂದು ಕಾನೂನು ಮಾಡಿ, ಮನೆಯ ಚಾವಣಿಯ ಸೌರ ವಿದ್ಯುತ್ತಿಗೆ 20 ವರ್ಷ ನಿಗದಿತ ಬೆಲೆಯ ಭರವಸೆ ಕೊಟ್ಟಿತು. ಪ್ಯಾನೆಲ್‌ಗಳಿಗೆ ಬೇಡಿಕೆ ಉಕ್ಕಿತು. ಆ ಬೇಡಿಕೆಗೆ ಸರಕು ಕಳಿಸಲು ಚೀನಾ ಕಾರ್ಖಾನೆ ಕಟ್ಟಿತು. ಹೆಚ್ಚು ಮಾಡಿದಷ್ಟೂ ಅಗ್ಗವಾಯಿತು, ಅಗ್ಗವಾದಷ್ಟೂ ಹೆಚ್ಚು ಮಾರಿತು. 2010ರ ನಂತರದ ಹತ್ತು ವರ್ಷದಲ್ಲಿ ಪ್ಯಾನೆಲ್ ಬೆಲೆ ಸುಮಾರು ಶೇ 90 ಇಳಿಯಿತು. ಜಗತ್ತಿನ ಪ್ಯಾನೆಲ್ ತಯಾರಿಕೆಯ ಶೇ 80ಕ್ಕೂ ಹೆಚ್ಚು ಇಂದು ಚೀನಾದ ಕೈಯಲ್ಲಿದೆ. 2023ರ ಒಂದೇ ವರ್ಷದಲ್ಲಿ ತನ್ನ ನೆಲದಲ್ಲೇ 200 ಗಿಗಾವಾಟ್‌ಗೂ ಹೆಚ್ಚು ಸೌರಘಟಕ ಕೂರಿಸಿತು. ಅದರ ಜೊತೆಗೇ ಹೊಸ ಕಲ್ಲಿದ್ದಲು ಸ್ಥಾವರಗಳನ್ನೂ ಕಟ್ಟುತ್ತಿದೆ. ಒಂದೇ ಮನೆಯಲ್ಲಿ ಸೋಲಾರೂ ಜನರೇಟರೂ ಇರುವ ಹಾಗೆ. ಜರ್ಮನಿಯ ಗ್ರಾಹಕರು ಆಗ ದುಬಾರಿ ಬಿಲ್ಲು ಕಟ್ಟಿರದಿದ್ದರೆ ನಮ್ಮ ಮನೆಯ ಮಾಡಿಗೆ ಆ ಎರಡು ಪ್ಯಾನೆಲ್ ಬರುತ್ತಿರಲಿಲ್ಲ ಎಂಬುದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ಕೆಲವು ದೇಶಗಳನ್ನು ತಿರುಗಿಸಿದ್ದು ಅನಾಹುತ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಫುಕುಶಿಮಾ ಸ್ಥಾವರ ಕೆಟ್ಟ ಮೇಲೆ ಜಪಾನ್ ತನ್ನ ಅಣುಸ್ಥಾವರಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿತು. ಮರುವರ್ಷವೇ ಸೌರ ವಿದ್ಯುತ್ತಿಗೆ ಜರ್ಮನಿಯಂತೆ ನಿಗದಿತ ಬೆಲೆ ತಂದಿತು. ಜರ್ಮನಿ ತನ್ನ ಕೊನೆಯ ಮೂರು ಸ್ಥಾವರಗಳನ್ನು 2023ರ ಏಪ್ರಿಲ್ 15ರಂದು ಮುಚ್ಚಿತು. ಅಷ್ಟರಲ್ಲಿ ಉಕ್ರೇನ್ ಯುದ್ಧ ಬಂದು, ತಾನು ಕೊಳ್ಳುತ್ತಿದ್ದ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ರಷ್ಯಾದ್ದು ಎಂಬ ಸತ್ಯ ಅದರ ಮುಂದೆ ನಿಂತಿತ್ತು. 2022ರಲ್ಲಿ ಶ್ರೀಲಂಕಾಕ್ಕೆ ಹಾಗೆ ಕೊಳ್ಳಲು ಡಾಲರೇ ಇರಲಿಲ್ಲ. ಜನ ದಿನಗಟ್ಟಲೆ ಪೆಟ್ರೋಲಿಗೆ ಸಾಲು ನಿಂತದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೇವೆ.

ನಮ್ಮ ದೇಶದ ಸ್ಥಿತಿ ಶ್ರೀಲಂಕಾದಷ್ಟು ನಾಜೂಕಿನದಲ್ಲ, ಆದರೆ ಕಾರಣ ಅದೇ ಜಾತಿಯದು. ಭಾರತ ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನದು. ಕಲ್ಲಿದ್ದಲು ನಮ್ಮಲ್ಲೇ ಇದೆ, ಹೊಗೆಯೂ ನಮ್ಮದೇ. 2025ರಲ್ಲಿ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಎಣ್ಣೆ, ಅನಿಲ ಬಿಟ್ಟ ಮೂಲಗಳದ್ದಾಯಿತು. 2030ಕ್ಕೆ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಇದು ಹೆಮ್ಮೆಯ ಸಂಗತಿ, ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಹತ್ತು ಎಚ್.ಪಿ. ಮೋಟರ್ ಇದ್ದ ಮಾತ್ರಕ್ಕೆ ತೋಟ ನೆನೆಯುವುದಿಲ್ಲ, ಅದು ಎಷ್ಟು ಗಂಟೆ ಓಡಿತು ಎಂಬುದು ಲೆಕ್ಕ. ಒಂದು ಕಿಲೋವಾಟ್ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಟ್ಟೀತು; ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರ ಹಗಲೂ ರಾತ್ರಿ ಓಡುತ್ತದೆ. ಆದ್ದರಿಂದ ಸಾಮರ್ಥ್ಯದಲ್ಲಿ ಅರ್ಧವಾದರೂ, ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನಲ್ಲಿ ಬಹುಪಾಲು ಇನ್ನೂ ಕಲ್ಲಿದ್ದಲಿನದೇ.

ಮನೆಯ ಮಟ್ಟದಲ್ಲೂ ಬೆಲೆಯೇ ಕೈಹಿಡಿದು ನಡೆಸುತ್ತದೆ. 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಚಾವಣಿ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಇತ್ತ ಕರ್ನಾಟಕದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಬಹಳಷ್ಟು ಮನೆಗಳಿಗೆ ಬಿಲ್ಲೇ ಇಲ್ಲ. ಬಿಲ್ಲೇ ಬಾರದ ಮನೆ ಸೋಲಾರಿಗೆ ದುಡ್ಡು ಏಕೆ ಹಾಕೀತು? ಬಡವರ ಮನೆಗೆ ಬೆಳಕು ಬಂದದ್ದು ನನಗೆ ಸಂತೋಷವೇ. ಎರಡು ಯೋಜನೆಗಳು ಒಂದನ್ನೊಂದು ಹಿಂದಕ್ಕೆ ಎಳೆಯುತ್ತಿರುವುದೂ ನಿಜವೇ. ಕೊಡಗಿನವರು ಇನ್ನೊಂದು ವಿಷಯ ತಿಳಿದಿರಬೇಕು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಚಾವಣಿ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಅದು ಬಿಲ್ಲು ಇಳಿಸುವ ಸಾಧನ, ಕಕ್ಕಡದ, ಅಂದರೆ ಜಡಿಮಳೆಯ ತಿಂಗಳ, ಕತ್ತಲೆಗೆ ಮದ್ದಲ್ಲ. ದೇಶಗಳಿಗೂ ಇದೇ ಮಾತು ಹೊಂದುತ್ತದೆ: ಅಗ್ಗದ ವಿದ್ಯುತ್ ಬೇಕೆನ್ನುವವರೂ, ಎಂದೂ ಕೈಕೊಡದ ವಿದ್ಯುತ್ ಬೇಕೆನ್ನುವವರೂ ಒಂದೇ ಸರಕು ಕೊಳ್ಳುವುದಿಲ್ಲ.

ಹಾಗಾದರೆ ಹವಾಮಾನದ ಚಿಂತೆ ಎಲ್ಲೂ ಇಲ್ಲವೇ? ಇದೆ. ಪೆಸಿಫಿಕ್ ಸಾಗರದ ಟೊಕೆಲೌ ದ್ವೀಪಗಳು ನ್ಯೂಜಿಲೆಂಡಿಗೆ ಸೇರಿದವು. ಏರುವ ಕಡಲು ಅವರ ಅಂಗಳಕ್ಕೇ ಬರುತ್ತದೆ. ಹಡಗಿನಲ್ಲಿ ಬರುವ ಡೀಸೆಲಿನಿಂದ ದೀಪ ಹಚ್ಚುತ್ತಿದ್ದ ಆ ಮೂರು ಹವಳದ ದ್ವೀಪಗಳು 2012ರಲ್ಲಿ ಬಹುತೇಕ ಪೂರ್ತಿಯಾಗಿ ಸೌರ ವಿದ್ಯುತ್ತಿಗೆ ತಿರುಗಿದವು. 2015ರ ಪ್ಯಾರಿಸ್ ಒಪ್ಪಂದದ ನಂತರ ಬಹುತೇಕ ಎಲ್ಲ ದೇಶಗಳೂ ಕಾಗದದ ಮೇಲೆ ಮಾತು ಕೊಟ್ಟವು. ಭಾರತ 2070ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಟ್ಟ ಹೊಗೆಯಷ್ಟನ್ನೂ ಮರಳಿ ಹೀರಿಸುವ ಸ್ಥಿತಿ, ಎಂದಿದೆ. ಆದರೆ ಮಾತು ಕೊಟ್ಟವರಲ್ಲಿ ಬೇಗ ನಡೆದವರು ಯಾರು ಎಂದು ನೋಡಿದರೆ, ಭೂಮಿಯ ಹಿತವೂ ತಮ್ಮ ಮನೆಯ ಖರ್ಚೂ ಒಂದೇ ದಿಕ್ಕಿಗೆ ಎಳೆದವರು. ಉರುಗ್ವೆಯನ್ನು ನೋಡಿ. ಎಣ್ಣೆಯಿಲ್ಲ, ಕಲ್ಲಿದ್ದಲಿಲ್ಲ, ಇದ್ದ ಜಲವಿದ್ಯುತ್ ಬರ ಬಂದಾಗ ಕೈಕೊಡುತ್ತಿತ್ತು. 2008ರಲ್ಲಿ ಹೊಸ ಇಂಧನ ನೀತಿ ಮಾಡಿ ಗಾಳಿಯಂತ್ರ ನಿಲ್ಲಿಸುತ್ತಾ ಹೋದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರ ವಿದ್ಯುತ್ತಿನ ಶೇ 90ಕ್ಕೂ ಹೆಚ್ಚು ನವೀಕರಿಸಬಹುದಾದ ಮೂಲಗಳದ್ದಾಗಿತ್ತು. ಗಾಳಿ ಬೀಸುವಾಗ ಅಣೆಕಟ್ಟಿನ ನೀರು ಉಳಿಸುತ್ತಾರೆ, ಗಾಳಿ ನಿಂತಾಗ ಬಿಡುತ್ತಾರೆ. ಭೂತಾನಕ್ಕೆ ನೀರನ್ನೇ ನಂಬಿದ ಕಷ್ಟ. ಮಳೆಗಾಲದಲ್ಲಿ ನಮಗೆ ವಿದ್ಯುತ್ ಮಾರಿ ದುಡಿಯುತ್ತದೆ, ಚಳಿಗಾಲದಲ್ಲಿ ನದಿ ಸೊರಗಿದಾಗ ನಮ್ಮಿಂದಲೇ ಕೊಳ್ಳುತ್ತದೆ. 2023ರ ಬರದಲ್ಲಿ ನಮ್ಮ ಜಲಾಶಯಗಳು ಬತ್ತಿ, ಪಂಪ್‌ಸೆಟ್ಟಿಗೆ ಕರೆಂಟಿಲ್ಲವೆಂದು ಕರ್ನಾಟಕದ ರೈತರು ಬೀದಿಗಿಳಿದದ್ದು ಇದೇ ಕಷ್ಟದಿಂದ.

ಪರ್ಯಾಯ ಎಂದ ಮಾತ್ರಕ್ಕೆ ಯಾರಿಗೂ ನೋವಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ವಿದ್ಯುತ್ ಯಾವ ಮೂಲದ್ದೇ ಆಗಲಿ, ಸಾಗಲು ಲೈನ್ ಬೇಕು. ಮೈಸೂರಿನಿಂದ ಕೋಝಿಕ್ಕೋಡಿಗೆ ಹೋಗುವ 400 ಕಿಲೋವೋಲ್ಟ್ ಲೈನಿಗಾಗಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದವು. ಆ ದಿನಗಳ ಪ್ರತಿಭಟನೆ ಇಲ್ಲಿಯವರು ಮರೆತಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಬಂದಾಗ ಜಮೀನು ಇದ್ದವರಿಗೆ ವರ್ಷವರ್ಷ ಗೇಣಿ ಬಂತು. ಬರಗಾಲದ ನೆಲಕ್ಕೆ ಅದು ದೊಡ್ಡ ಆಸರೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಜಮೀನಿಲ್ಲದವರಿಗೆ ಬಂದದ್ದು ಬೇಲಿ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ತರ್ಕ ಸರಳ: ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಎಲ್ಲರೂ ದೀಪ ಹಚ್ಚುವ ಸಂಜೆ ಕೆಳಗೆ ಬಿಡುವುದು. ಬಿಸಿಲನ್ನು ರಾತ್ರಿಗೆ ಕಾಪಿಡುವ ವಿಧಾನ ಅದು. ಆದರೆ ಅದು ಬರಬೇಕಾಗಿರುವುದು ಸಿಂಗಳೀಕಗಳ ಕಾಡಿನಲ್ಲಿ. ಜರಿದ ಗುಡ್ಡಗಳನ್ನು ಕಣ್ಣಾರೆ ಕಂಡವನಾಗಿ, ಪಶ್ಚಿಮಘಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆಯುವ ಮಾತು ಬಂದರೆ ನನಗೆ ನಿದ್ದೆ ಬರುವುದಿಲ್ಲ.

ಮೇಲಿನ ಮನೆಯ ತೋಡಿನ ಲೆಕ್ಕ ಹೇಳುತ್ತೇನೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ 2 ಕಿಲೋವಾಟ್ ಹತ್ತಿರ. ಪೈಪಿನ ತಿಕ್ಕಾಟ, ಯಂತ್ರದ ನಷ್ಟ ಕಳೆದರೆ 1 ಕಿಲೋವಾಟ್ ಕೈಗೆ ಸಿಗುತ್ತದೆ. ಕೇಳಲು ಸಣ್ಣದು. ಆದರೆ ಹಗಲೂ ರಾತ್ರಿ ನಿಲ್ಲದೆ ಓಡುವುದರಿಂದ ದಿನಕ್ಕೆ 24 ಯೂನಿಟ್, ನಮ್ಮ ಪ್ಯಾನೆಲ್ ಕನಸಿನಲ್ಲೂ ಕಾಣದಷ್ಟು. ಇಂಚುಗಟ್ಟಲೆ ಮಳೆ ಸುರಿಯುವ ಜೂನ್, ಜುಲೈನಲ್ಲಿ ನಮ್ಮ ಬ್ಯಾಟರಿ ಮಧ್ಯಾಹ್ನವಾದರೂ ತುಂಬುವುದಿಲ್ಲ, ಮಾವನ ಮನೆ ಝಗಝಗಿಸುತ್ತಿರುತ್ತದೆ. ಫೆಬ್ರವರಿಗೆ ತೋಡು ಸಣ್ಣಗಾಗಿ, ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಎಲ್ಲರೂ ಸ್ಪ್ರಿಂಕ್ಲರಿಗೆ ಡೀಸೆಲ್ ಹೊತ್ತು ತರುವ ಹೊತ್ತಿಗೆ ಅವರ ಟರ್ಬೈನ್ ನಿಂತಿರುತ್ತದೆ. ಆಗ ನಮ್ಮ ಪ್ಯಾನೆಲಿಗೆ ಬಿಸಿಲೇ ಬಿಸಿಲು, ಕಣದಲ್ಲಿ ಕಾಫಿ ಒಣಗುವಂಥ ಬಿಸಿಲು.

ಹೋದ ಹುತ್ತರಿ ಹಬ್ಬದ ಹೊತ್ತಿಗೆ ಮಾವ ಮನೆಗೆ ಬಂದು ಜಗಲಿಯಲ್ಲಿ ಕೂತು, "ಇಲ್ಲಿಂದ ನಮ್ಮಲ್ಲಿಗೆ ಎಷ್ಟು ಮೀಟರ್ ಕೇಬಲ್ ಬೇಕಾದೀತು?" ಎಂದರು. ಅಳೆದು ನೋಡಿದೆವು, 180 ಮೀಟರ್. ಕಾಫಿ ಮಾರಿದ ಮೇಲೆ ಎಳೆಸುವುದೆಂದು ಮಾತಾಗಿದೆ. ಹಸುವಿನ ಮನೆಯವರೂ ಪಾಲು ಹಾಕುತ್ತೇವೆ ಎಂದಿದ್ದಾರೆ.